ಮೂರು ನೀರಿನ ಜೋಳ

ಒಂದೇ ಬಣ್ಣದ ಹಿಂದೆ ಒಂಬತ್ತು ವರ್ಷ ಬಿದ್ದ ಮನುಷ್ಯನನ್ನು ನೀವು ಕಂಡಿದ್ದೀರೋ ಇಲ್ಲವೋ, ಪ್ರೇಮಲೀಲಾ ಕಂಡಿದ್ದಳು. ದಿನಾ ಬೆಳಿಗ್ಗೆ ಅವರಿಗೆ ನಮಸ್ಕಾರ ಹೇಳಿಯೇ ತನ್ನ ಲ್ಯಾಬಿನ ಬೀಗ ತೆಗೆಯುತ್ತಿದ್ದಳು. ಅವರ ಹೆಸರು ಚಂದ್ರಮೌಳಿ. ಮೈಸೂರಿನ ಹೊರಗಡೆ, ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತ ಮೇಲೂ ಅರ್ಧ ಮೈಲಿ ನಡೆಯಬೇಕಾದ ಒಂದು ಸಂಶೋಧನಾ ಕೇಂದ್ರ; ಅಲ್ಲಿ ಅವರು ಮುಸುಕಿನ ಜೋಳದ ತಳಿ ವಿಜ್ಞಾನಿ. ಅವರು ಹಿಂದೆ ಬಿದ್ದದ್ದು ನೇರಳೆ ಬಣ್ಣ.

ಬಿದ್ದದ್ದೂ ಸುಮ್ಮನೆ ಅಲ್ಲ. ಆ ಬಣ್ಣ ಬರೀ ಅಂದಕ್ಕೆ ಇರುವುದಲ್ಲ, ದೇಹಕ್ಕೆ ಒಳ್ಳೆಯದು, ಒಳಗಿನ ಜೀವಕೋಶಗಳಿಗೆ ಒಂಥರಾ ತುಕ್ಕು ಹಿಡಿಯದಂತೆ ಕಾಯುವ ಗುಣ ಅದಕ್ಕಿದೆ ಎಂದು ಅವರು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಕ್ಯಾಂಟೀನಿನವನಿಗೂ ಹೇಳಿದ್ದರು, ಪಾಪ ಅವನೇನು ಮಾಡಿಯಾನು. ೧೯೯೪ರಲ್ಲಿ ಯಾರೋ ಹೊರದೇಶದ ವಿಜ್ಞಾನಿ ಬಂದವರು ಪೆರು ದೇಶದ ಬೆಟ್ಟಗಳ ನೇರಳೆ ಜೋಳವನ್ನು ಒಂದು ಹಿಡಿ ಕೊಟ್ಟು ಹೋಗಿದ್ದರು. ಇಲ್ಲಿ ಬಿತ್ತಿದರೆ ಅದು ಹತ್ತಡಿ ಬೆಳೆದು, ತುದಿಯಲ್ಲಿ ಸೂಲಂಗಿ ಹೂ ಬಿಡುವಷ್ಟರಲ್ಲಿ ಹಂಗಾಮೇ ಮುಗಿದು, ತೆನೆಯಲ್ಲಿ ಏಳೆಂಟು ಕಾಳು ಕಟ್ಟಿ ನಿಂತಿತು. ಬೇರೆ ಯಾರಾದರೂ ಆಗಿದ್ದರೆ ದನಕ್ಕೆ ಹಾಕಿಸುತ್ತಿದ್ದರು. ಚಂದ್ರಮೌಳಿಯವರು ಆ ಏಳೆಂಟು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬಿತ್ತಿ ನಮ್ಮ ನಾಡಿನ ಹಳದಿ ಜೋಳದೊಂದಿಗೆ ಸಂಕರ ಮಾಡಿದರು. ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಹಂಗಾಮಿನಲ್ಲೂ ಬೇರೆ ಗಿಡದ ಪರಾಗ ಬೀಳದಂತೆ ಗಿಡಗಿಡಕ್ಕೂ ಎಣ್ಣೆಕಾಗದದ ಚೀಲ ಕಟ್ಟುವುದು, ಪರಾಗ ಉದುರಿಸುವುದು, ತೆನೆ ಬಲಿತ ಮೇಲೆ ಗಾಢ ಬಣ್ಣದ್ದನ್ನು ಆರಿಸಿ ಮತ್ತೆ ಬಿತ್ತುವುದು. ಒಂದೊಂದು ತಾಯಿಗಿಡದ ಸಂತತಿಗೂ ಒಂದೊಂದು ಸಾಲು, ಒಂದೊಂದು ನಂಬರು.

ಆದರೆ ಕಣ್ಣಿಗೆ ಕಪ್ಪಗೆ ಕಂಡದ್ದೆಲ್ಲ ಬಣ್ಣದಲ್ಲಿ ಹೆಚ್ಚು ಎಂದು ಯಾರು ಒಪ್ಪುತ್ತಾರೆ? ಅಂಕಿ ಬೇಕು. ಆ ಅಂಕಿ ಕೊಡುವವಳು ಪ್ರೇಮಲೀಲಾ. ಕಾಳನ್ನು ಪುಡಿ ಮಾಡಿ, ಆಮ್ಲ ಬೆರೆಸಿದ ಸ್ಪಿರಿಟ್ಟಿನಲ್ಲಿ ನೆನೆಸಿ, ಸೋಸಿ ಬಂದ ಕೆಂಪು ರಸವನ್ನು ಯಂತ್ರದಲ್ಲಿಟ್ಟರೆ ನೂರು ಗ್ರಾಂ ಕಾಳಿನಲ್ಲಿ ಎಷ್ಟು ಮಿಲಿಗ್ರಾಂ ಬಣ್ಣವಿದೆ ಎಂದು ಲೆಕ್ಕ ಸಿಗುತ್ತಿತ್ತು. ೧೯೯೮ರಿಂದ ಐದು ವರ್ಷ ಅವಳ ಅಂಕಿ ನೋಡಿಯೇ ಚಂದ್ರಮೌಳಿಯವರು ಯಾವ ಸಾಲು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತಿದ್ದರು. ಹದಿನೇಳನೇ ಸಾಲು ಅವರ ಮುದ್ದಿನದು. ತೆನೆ ಸುಲಿದರೆ ಕಾಡಿಗೆ ಬಳಿದ ಹಾಗಿರುತ್ತಿತ್ತು. ಎರಡು ವರ್ಷ ಸತತವಾಗಿ ಅದಕ್ಕೆ ಇಪ್ಪತ್ತೆಂಟು ಬಂತು. ಕಡಿಮೆ ಅಂದರೆ ಕಡಿಮೆ. ೨೦೦೦ದಲ್ಲಿ ಅವರು ಮುಖ ಸಣ್ಣದು ಮಾಡಿಕೊಂಡು ಹದಿನೇಳನ್ನು ಕೈಬಿಟ್ಟರು. ನೋಡಲು ಅಷ್ಟೇನೂ ಕಪ್ಪಲ್ಲದ ಒಂಬತ್ತನೇ ಸಾಲು ಅರವತ್ತೆರಡು ತೆಗೆದುಕೊಂಡು ಮುಂದೆ ಬಂತು.

ಹೀಗೆ ೨೦೦೩ರ ಜನವರಿ ಬಂತು. ಒಂಬತ್ತನೇ ಸಾಲನ್ನು ಹೊಸ ತಳಿಯೆಂದು ಬಿಡುಗಡೆ ಮಾಡಬೇಕೋ ಬೇಡವೋ ಎಂದು ನೋಡಲು ಫೆಬ್ರವರಿಯಲ್ಲಿ ಸಮಿತಿ ಬರುವುದಿತ್ತು. ಚಂದ್ರಮೌಳಿಯವರು ನಿವೃತ್ತರಾಗುವುದು ಮೇ ತಿಂಗಳ ಕೊನೆಗೆ. ಈ ಸಲ ತಪ್ಪಿದರೆ ಅವರ ಸರ್ವೀಸಿನಲ್ಲಿ ಇನ್ನೊಂದು ಸಮಿತಿ ಇಲ್ಲ. ಅದು ಕೇಂದ್ರದ ಗೇಟು ಕಾಯುವವನಿಗೂ ಗೊತ್ತಿತ್ತು.

ಕೊನೆಯ ಸಲದ ಸ್ಯಾಂಪಲ್ಲು ಲ್ಯಾಬಿಗೆ ಬಂದ ವಾರವೇ ಬೋರಮ್ಮ ರಜೆ ಹಾಕಿದಳು. ಬೋರಮ್ಮ ಅಂದರೆ ಲ್ಯಾಬಿನ ಕೆಲಸದವಳು, ಮೈಸೂರಿನ ಕೆಸರೆಯವಳು, ಗಾಜಿನ ಸಾಮಾನು ತೊಳೆಯುವುದರಿಂದ ಹಿಡಿದು ಕಾಳು ಒಪ್ಪ ಮಾಡಿ ಕವರಿಗೆ ತುಂಬಿ ಕೊಡುವವರೆಗೆ ಎಲ್ಲ ಅವಳದೇ. ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಕಾಯುವಷ್ಟು ಪುರುಸೊತ್ತು ಇಲ್ಲದ್ದರಿಂದ ಪ್ರೇಮಲೀಲಾ ತಾನೇ ಚೀಲ ಬಿಚ್ಚಿ, ಕಾಳು ಸುರಿದುಕೊಂಡು, ಪುಡಿ ಮಾಡಿ ಪರೀಕ್ಷೆಗೆ ಕೂತಳು.

ಒಂಬತ್ತನೇ ಸಾಲು ಎಪ್ಪತ್ತನಾಲ್ಕು ತೋರಿಸಿತು. ಅರೆ, ಏರಿದೆಯಲ್ಲ ಎಂದು ಅವಳಿಗೆ ಖುಷಿಯೇ ಆಯಿತು. ಆಮೇಲೆ ಹೋಲಿಕೆಗೆಂದು ಪಕ್ಕದಲ್ಲಿ ಬೆಳೆಸಿದ್ದ ಹಳೆಯ ನೇರಳೆ ತಳಿಯನ್ನು ಇಟ್ಟಳು. ಒಂಬತ್ತನೇ ಸಾಲು ಯಾವ ತಳಿಯನ್ನು ಮೀರಿಸಿದೆ ಎಂದು ಸಮಿತಿಗೆ ತೋರಿಸಬೇಕಿತ್ತೋ ಆ ತಳಿ ಅದು. ಐದು ವರ್ಷವೂ ಅದಕ್ಕೆ ನಲವತ್ತೊಂದು, ನಲವತ್ತೆರಡು. ಈಗ ತೊಂಬತ್ತಾರು!

ಯಂತ್ರ ಕೈಕೊಟ್ಟಿತು ಅಂದುಕೊಂಡಳು. ಅದರ ದೀಪ ಬದಲಿಸಿದಳು. ಆಮ್ಲ ಹೊಸದಾಗಿ ಬೆರೆಸಿದಳು. ಮೂರು ದಿನ ಮೂರು ಸಲ ಮಾಡಿದಳು. ಜಪ್ಪಯ್ಯ ಅಂದರೂ ಅದು ತೊಂಬತ್ತರಿಂದ ಕೆಳಗೆ ಇಳಿಯಲಿಲ್ಲ.

ನಾಲ್ಕನೇ ದಿನ ಬೋರಮ್ಮ ಬಂದಳು. ಗಂಡು ಮೊಮ್ಮಗು, ಕೈಯಲ್ಲಿ ಸಕ್ಕರೆ ಪೊಟ್ಟಣ. ಪ್ರೇಮಲೀಲಾಳ ಬಾಯಿಗೆ ಸಕ್ಕರೆ ಹಾಕಿ, ಮೇಜಿನ ಮೇಲೆ ಉಳಿದಿದ್ದ ಕಾಳನ್ನು ಕಂಡು ಮೂಗು ಮುರಿದಳು.

"ಇದ್ಯಾಕಮ್ಮಾವ್ರೇ ಇಂಗೇ ಮಡಗಿದ್ದೀರಿ? ತೊಳ್ದೇ ಇಲ್ವಲ್ಲ! ಹುಳದ ಔಸ್ದಿ ಪುಡಿ ಎಲ್ಲಾ ಅಂಗೇ ಅದೆ."

"ತೊಳೆಯೋದೇನು ಬೋರಮ್ಮ?"

"ಕಾಳ ತೊಳೀಬ್ಯಾಡ್ವಾ? ನಾನು ಮೂರು ನೀರಾಕಿ, ಚೆಂದಾಗಿ ಉಜ್ಜಿ ತೊಳ್ದು, ಮಾಡಿ ಮ್ಯಾಲೆ ಒಣಗಾಕಿ ತಾನೇ ಕವರಿಗೆ ತುಂಬೋದು."

ಪ್ರೇಮಲೀಲಾಳ ಬಾಯಲ್ಲಿ ಸಕ್ಕರೆ ಹಾಗೇ ನಿಂತಿತು. "ಯಾವಾಗಿಂದ?"

"ಯಾವಾಗಿಂದ ಅಂದ್ರೆ? ನೀವು ಹೇಳ್ದಾಗ್ಲಿಂದ!"

ನಿಜ. ಅವಳೇ ಹೇಳಿದ್ದಳು. ೧೯೯೭ರಲ್ಲಿ ಲ್ಯಾಬಿಗೆ ಭತ್ತದ ತಳಿಗಳು ಬರುತ್ತಿದ್ದವು. ಯಾವ ಅಕ್ಕಿಯ ಅನ್ನ ಎಷ್ಟು ಅರಳುತ್ತದೆ ಎಂದು ನೋಡುವ ಕೆಲಸ. ಹೊಸದಾಗಿ ಸೇರಿದ ಬೋರಮ್ಮನನ್ನು ಹಿಂದಿನ ಸಿಂಕಿನ ಹತ್ತಿರ ಕರೆದುಕೊಂಡು ಹೋಗಿ, ಇಲ್ಲಿಗೆ ಬರುವ ಕಾಳೆಲ್ಲ ತೊಳೆದು ಒಣಗಿಸಿಯೇ ಕೊಡಬೇಕು ನೋಡು ಎಂದು ಸ್ವತಃ ತೋರಿಸಿಕೊಟ್ಟಿದ್ದಳು. ಮರುವರ್ಷ ಭತ್ತ ನಿಂತು ಜೋಳ ಬಂತು. ಇನ್ನು ತೊಳೆಯಬೇಡ ಎಂದು ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅವಳ ತಾಯಿ ತೊಳೆಯದೆ ಒಂದು ಕಾಳನ್ನು ಮಿಲ್ಲಿಗೆ ಕಳಿಸಿದವಳಲ್ಲ. ಇವಳೂ ಅಷ್ಟೇ. ಲ್ಯಾಬಿಗೆ ಬಂದ ಕಾಳು ಲಕ್ಷಣವಾಗಿ, ಶುಭ್ರವಾಗಿ ಬರುತ್ತಿದೆ ಎಂದು ಸಂತೋಷಪಟ್ಟಿದ್ದಳೇ ಹೊರತು ಏಕೆ ಎಂದು ಒಂದು ದಿನವೂ ಕೇಳಿರಲಿಲ್ಲ. ಆ ನೇರಳೆ ಬಣ್ಣವೋ, ನೀರು ಕಂಡರೆ ಕರಗುವ ಜಾತಿಯದು. ಐದು ವರ್ಷದ ಬಣ್ಣ ಹಿಂದಿನ ಮೋರಿಯಲ್ಲಿ ಹರಿದು ಹೋಗಿತ್ತು.

"ಯಾಕಮ್ಮಾವ್ರೇ, ಏನಾರ ತಪ್ಪಾಯ್ತಾ?" ಎಂದಳು ಬೋರಮ್ಮ.

ಆ ಗಳಿಗೆಯಲ್ಲಿ ಪ್ರೇಮಲೀಲಾಳ ತಲೆಯಲ್ಲಿ ಬಂದ ಮೊದಲ ಯೋಚನೆ ಏನು ಗೊತ್ತೇ? ಬೋರಮ್ಮ ತೊಳೆದಳು ಅಂದುಬಿಟ್ಟರೆ ನಾನು ಪಾರು. ಬಂದದ್ದೇ ತಡ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. "ನಿಂದೇನೂ ತಪ್ಪಿಲ್ಲ ಹೋಗು, ಕಾಫಿ ಕುಡಿ" ಎಂದಳು.

ಮರುದಿನ ಕೃಷ್ಣಮೂರ್ತಿಪುರದ ಮನೆಯಲ್ಲಿ ಗಂಡ ರುದ್ರಸ್ವಾಮಿ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು ತಿಂಡಿಗೆ ಕೂತಾಗ ಎಲ್ಲವನ್ನೂ ಹೇಳಿದಳು. ಅವನದು ಪಾತ್ರೆ ಅಂಗಡಿ. ವಿಷಯ ಹಿಡಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಂದ್ರೆ ಎರಡನ್ನೂ ತೊಳೆದಿದ್ರೆ ಅವ್ರ ಜೋಳ ಗೆಲ್ಲುತ್ತೆ. ತೊಳೀದೆ ಇದ್ರೆ ಹಳೇದೇ ಗೆಲ್ಲುತ್ತೆ. ಅಷ್ಟೇ ತಾನೆ?"

"ಅಷ್ಟೇ."

"ಸುಮ್ನಿದ್ಬುಡು ಮತ್ತೆ! ನಿನ್ನ ಅಂಕಿ ಯಂತ್ರದ್ದು, ನೀನೇನು ಬರ್ಕೊಂಡಿದ್ದಲ್ಲ. ನಾಲ್ಕು ತಿಂಗಳಲ್ಲಿ ರಿಟೈರ್ ಆಗೋ ಮನುಷ್ಯ. ಅವ್ರ ಹೊಟ್ಟೆ ಮೇಲೆ ಹೊಡೆದ ಹಾಗೆ ಯಾಕ್ ಮಾಡ್ತೀಯ?"

ಅದು ಕೆಟ್ಟ ಮಾತೇನಲ್ಲ. ಕರುಣೆಯ ಮಾತೇ. ಅದಕ್ಕೇ ಅವಳಿಗೆ ಕಷ್ಟವಾಯಿತು. ಬಸ್ಸಿನಲ್ಲಿ ಹೋಗುವಾಗ ಹೇಳುವುದಿಲ್ಲ ಎಂದು ನಿರ್ಧರಿಸಿದಳು. ಬಸ್ಸಿಳಿದು ನಡೆಯುವಾಗಲೂ ಅದೇ ನಿರ್ಧಾರ.

ಚಂದ್ರಮೌಳಿಯವರ ಕೋಣೆಯಲ್ಲಿ ಟೈಪಾದ ಹಾಳೆಗಳ ಕಟ್ಟು ಮೇಜಿನ ಮೇಲಿತ್ತು. ಅವರು ಮದುವೆ ಮನೆಯವರ ಹಾಗೆ ಸಡಗರದಲ್ಲಿದ್ದರು. "ಬನ್ನಿ ಬನ್ನಿ, ನೋಡಿ ಇಲ್ಲಿ. ತಳಿ ಅಭಿವೃದ್ಧಿ ಮಾಡಿದವರು ಅನ್ನೋ ಕಡೆ ನನ್ನ ಹೆಸರಿನ ಕೆಳಗೆ ನಿಮ್ಮದು ಹಾಕಿಸಿದ್ದೀನಿ. ಐದು ವರ್ಷ ಒಂದು ಅಂಕಿ ಆಚೀಚೆ ಆಗದ ಹಾಗೆ ಕೊಟ್ಟಿದ್ದೀರಿ ಕಣಮ್ಮ. ನಿಮ್ಮನ್ನ ನಂಬಿಯೇ ನಾನು ನಡೆದದ್ದು."

ಆ ಮಾತು ಆಡದೆ ಇದ್ದಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲವೋ ಏನೋ. ಈಗ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಭತ್ತ, ಸಿಂಕು, ಮೂರು ನೀರು, ತೊಂಬತ್ತಾರು. ಬೋರಮ್ಮನಿಗೆ ಹೇಳಿಕೊಟ್ಟವಳು ತಾನೇ ಎಂಬುದನ್ನೂ ನುಂಗಲಿಲ್ಲ.

ಚಂದ್ರಮೌಳಿಯವರು ಒಂದೇ ಮಾತು ಕೇಳಿದರು. "ಹದಿನೇಳು?"

"ಅದನ್ನೂ ತೊಳೆದೇ ಕೊಟ್ಟಿದ್ದು ಸಾರ್."

ಅವರು ಎದ್ದು ನಿಂತರು. ಯಾವತ್ತೂ ಏರದ ಗಂಟಲು ಏರಿತು. "ಒಂದು ಸಲ, ಒಂದೇ ಒಂದು ಸಲ ನೀವು ಆ ಹಿಂದಿನ ಸಿಂಕಿನ ಹತ್ರ ಹೋಗಿ ನೋಡ್ಲಿಲ್ವೇನ್ರೀ? ಹದಿನೇಳನ್ನ ನಾನು ಕೈಯಾರೆ ಕಿತ್ತು ಹಾಕಿದೆ! ಬೀಜಾನೂ ಉಳಿಸ್ಲಿಲ್ಲ, ಜಾಗ ಇಲ್ಲ ಅಂತ ತೆನೆ ಎಲ್ಲಾ ಆಳುಗಳಿಗೆ ಹಂಚಿಬಿಟ್ಟೆ!" ಪ್ರೇಮಲೀಲಾ ಅಳಲಿಲ್ಲ, ಅಳುವ ಹಕ್ಕು ತನಗಿಲ್ಲ ಅನ್ನಿಸಿತು.

ಗಲಾಟೆ ಕೇಳಿ ಬೋರಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಸೆರಗು ಬಾಯಿಗೆ ಹಿಡಿದುಕೊಂಡಿದ್ದರೂ ಮಾತು ತಡೆಯಲಿಲ್ಲ.

"ಸಾಹೇಬ್ರೇ, ತೊಳ್ದೋಳು ನಾನು. ಅಮ್ಮಾವ್ರ್ನ ಬೈಬ್ಯಾಡಿ. ಆದ್ರೆ ಒಂದ್ ಮಾತು ಕೇಳ್ತೀನಿ, ಕ್ವಾಪ ಮಾಡ್ಕೋಬ್ಯಾಡಿ. ತೊಳೀದೆ ಯಾರಾರ ತಿಂತಾರಾ? ನಿಮ್ಮನೇಲಿ ಅಮ್ಮೋರು ತೊಳ್ಯಾಕಿಲ್ವಾ?"

ಚಂದ್ರಮೌಳಿಯವರು ಅವಳನ್ನು ದುರುಗುಟ್ಟಿಕೊಂಡು ನೋಡಿದರು. ಅವಳೋ ಶುರುಮಾಡಿದ ಮೇಲೆ ನಿಲ್ಲಿಸುವ ಹೆಂಗಸಲ್ಲ.

"ಆ ಹದಿನೇಳು ಹಂಚುದ್ರಲ್ಲ, ನನಗೂ ಒಂದು ಚೀಲ ಬಂದಿತ್ತು. ಕರ್ರಗೆ ಎಷ್ಟು ಚೆಂದ ಇತ್ತು ಅಂತೀರಾ! ಮಿಲ್ಲಿಗೆ ಆಕ್ಸೋಣ ಅಂತ ತೊಳುದ್ರೆ ಮೊದಲ್ನೇ ನೀರು ಮಸಿ, ಎರಡನೇ ನೀರು ನೇರಳೆ, ಮೂರ್ನೇದ್ರಲ್ಲೂ ಬಿಡ್ತಾನೇ ಇತ್ತು. ರೊಟ್ಟಿ ತಟ್ಟುದ್ರೆ ಬೂದಿ ಬಣ್ಣ, ನಮ್ಮನೆ ಐಕಳು ಮಕ್ಕಳು ಮುಟ್ಟಲಿಲ್ಲ. ಈ ಒಂಬತ್ತು ಅಂಗಲ್ಲ. ಮೊದಲ್ನೇ ನೀರಿಗೆ ಚೂರು ಬಿಡ್ತದೆ, ಆಮ್ಯಾಕೆ ಜಗ್ಗಾಕಿಲ್ಲ. ನಾನು ನಿತ್ಯ ತೊಳ್ಯೋಳು, ನನಗೆ ಗೊತ್ತಿಲ್ವಾ?"

ಚಂದ್ರಮೌಳಿಯವರು ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಆಮೇಲೆ, "ಇನ್ನೊಂದು ಸಲ ಹೇಳಿ ಬೋರಮ್ಮ, ಮೊದಲ್ನೇ ನೀರಿಂದ ಹೇಳಿ" ಎಂದರು. ಆರು ವರ್ಷದಲ್ಲಿ ಅವರು ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಮುಂದಿನ ವಾರವೆಲ್ಲ ಅದೇ ಕೆಲಸ. ಪ್ರತಿ ತಳಿಯನ್ನೂ ಎರಡು ಪಾಲು ಮಾಡುವುದು. ಒಂದನ್ನು ಹಾಗೇ ಪುಡಿ ಮಾಡುವುದು, ಇನ್ನೊಂದನ್ನು ಬೋರಮ್ಮ ತೊಳೆಯುವುದು, ಚಂದ್ರಮೌಳಿಯವರು ಸ್ಟೂಲು ಹಾಕಿಕೊಂಡು ಸಿಂಕಿನ ಪಕ್ಕ ಕೂತು ಗಡಿಯಾರ ನೋಡಿ ಎಷ್ಟು ಹೊತ್ತು ತೊಳೆದಳೆಂದು ಬರೆದುಕೊಳ್ಳುವುದು. ತೊಳೆಯದ ಹಳೇ ತಳಿ ತೊಂಬತ್ತಾರು, ತೊಳೆದರೆ ನಲವತ್ತೊಂದು. ತೊಳೆಯದ ಒಂಬತ್ತು ಎಪ್ಪತ್ತನಾಲ್ಕು, ತೊಳೆದರೆ ಅರವತ್ತೆರಡು. ತೊಳೆದ ಅಂಕಿ ಹಿಂದಿನದಕ್ಕಿಂತ ಒಂದು ಕೂದಲೆಳೆ ಅಲುಗಲಿಲ್ಲ. ಐದು ವರ್ಷ ತಾವು ಹೆಚ್ಚು ಬಣ್ಣದ ಜೋಳವನ್ನು ಆರಿಸುತ್ತಿದ್ದೇವೆ ಎಂದುಕೊಂಡಿದ್ದರು. ಆರಿಸಿದ್ದು ಬಣ್ಣ ಬಿಟ್ಟುಕೊಡದ ಜೋಳವನ್ನು. ಯಾವ ಪುಸ್ತಕದಲ್ಲೂ ಹಾಗೆ ಆರಿಸಿ ಎಂದು ಬರೆದಿರಲಿಲ್ಲ.

"ಹಾಗಾದ್ರೆ ಇದು ಒಳ್ಳೇದೇ ಆಯ್ತಲ್ಲ ಸಾರ್" ಎಂದಳು ಪ್ರೇಮಲೀಲಾ, ಆಸೆಯಿಂದ. "ತಟ್ಟೆಗೆ ಬರೋ ಬಣ್ಣ ಇದರಲ್ಲೇ ಜಾಸ್ತಿ."

"ಒಳ್ಳೇದೇ. ಆದ್ರೆ ಸಮಿತಿಯ ನಿಯಮದಲ್ಲಿ ತಟ್ಟೆ ಇಲ್ಲ. ಕಣದಿಂದ ಬಂದ ಕಾಳಿನಲ್ಲಿ ಎಷ್ಟಿದೆ ಅಂತ ಕೇಳ್ತಾರೆ. ಅದರಲ್ಲಿ ನಾವು ಸೋತಿದ್ದೀವಿ."

"ತೊಳೆದ ಅಂಕಿ ಮಾತ್ರ ಕೊಟ್ರೆ?" ಕೇಳಿಬಿಟ್ಟು ಅವಳು ನಾಲಿಗೆ ಕಚ್ಚಿಕೊಂಡಳು.

ಅವರು ಬೈಯಲಿಲ್ಲ. ನಾನೂ ಎರಡು ದಿನ ಅದನ್ನೇ ಯೋಚಿಸಿದೆ ಎಂದು ಹೇಳಿ, ಟೈಪಾಗಿದ್ದ ಕಟ್ಟನ್ನು ಹರಿದು ಕಸದ ಬುಟ್ಟಿಗೆ ಹಾಕಿದರು.

ಫೆಬ್ರವರಿಯಲ್ಲಿ ಸಮಿತಿ ಬಂತು. ಐದು ಜನ. ಕೇಂದ್ರದ ಸಭಾಂಗಣದಲ್ಲಿ ಚಂದ್ರಮೌಳಿಯವರು ಎದ್ದು ನಿಂತು ಗುಣಗಾನಕ್ಕಿಂತ ಮೊದಲು ತಪ್ಪನ್ನೇ ಹೇಳಿದರು. ತೊಳೆದದ್ದು, ತೊಳೆಯದ್ದು, ಎರಡು ಅಂಕಣ. ಯಾರ ಹೆಸರೂ ಎತ್ತಲಿಲ್ಲ. ನಮ್ಮ ಕೇಂದ್ರದಲ್ಲಿ ಹೀಗಾಯಿತು ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಪ್ರೇಮಲೀಲಾಳಿಗೆ ಮೈಯೆಲ್ಲ ಕಿವಿ. ಒಬ್ಬ ಸದಸ್ಯರು ನಕ್ಕು, "ಅಂದರೆ ಈ ತಳಿ ನಿಮ್ಮ ಸಿಂಕಿನಲ್ಲಿ ಹುಟ್ಟಿತು ಅನ್ನಿ" ಎಂದರು. ಸಭೆಯೂ ನಕ್ಕಿತು. "ಹೌದು" ಎಂದರು ಚಂದ್ರಮೌಳಿ, ನಗದೆ. ಅಧ್ಯಕ್ಷರು ಒಳ್ಳೆಯ ಮನುಷ್ಯರೇ. ವಿಷಯ ಹೊಸದು, ಆಸಕ್ತಿ ಹುಟ್ಟಿಸುವಂಥದು, ಆದರೆ ಹಳೆಯ ಅಂಕಿಗಳ ಮೇಲೆ ಬಿಡುಗಡೆ ಆಗದು. ಇನ್ನು ಮೂರು ವರ್ಷ ಎರಡೂ ರೀತಿಯಲ್ಲಿ ಪರೀಕ್ಷಿಸಿ ತನ್ನಿ ಎಂದು ಬರೆಸಿದರು. ಮೂರು ವರ್ಷ!

ಕಾರುಗಳು ಹೋದ ಮೇಲೆ ಚಂದ್ರಮೌಳಿಯವರು ಜೋಳದ ತಾಕಿನ ಕಡೆ ನಡೆದರು. ಕೊಯ್ಲು ಮುಗಿದು ಬರೀ ಕೂಳೆ ನಿಂತಿತ್ತು. ಪ್ರೇಮಲೀಲಾ ಹಿಂದೆಯೇ ಹೋದಳು. ಏನಾದರೂ ಹೇಳಬೇಕಿತ್ತು.

"ನನ್ನಿಂದ ಆಯ್ತು ಸಾರ್."

"ಹೌದು, ನಿಮ್ಮಿಂದಲೇ ಆಯ್ತು" ಎಂದರು ಅವರು. ಅಲ್ಲ ಬಿಡಿ ಎಂದಾರು ಎಂದು ಎಲ್ಲೋ ಒಂದು ಮೂಲೆಯಲ್ಲಿ ಕಾದಿದ್ದ ಅವಳಿಗೆ ಎದೆಗೆ ಗುದ್ದಿದ ಹಾಗಾಯಿತು. "ಬೇಜಾರಾಗಿದೆ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ. ಒಂಬತ್ತು ವರ್ಷ. ಹೆಸರು ಬರ್ಲಿ ಅಂತಲ್ಲ, ಒಂದು ಸಲ ರೈತರ ಹೊಲದಲ್ಲಿ ನೋಡ್ಬೇಕು ಅಂತ ಆಸೆ ಇತ್ತು."

ಸ್ವಲ್ಪ ದೂರ ನಡೆದರು. ಆಮೇಲೆ ತಿರುಗಿ ನಿಂತು ಹೇಳಿದರು.

"ಆದ್ರೆ ಇದೂ ಕೇಳಿ. ನನ್ನ ಕೈಗೆ ಬಿಟ್ಟಿದ್ರೆ ನಾನು ಹದಿನೇಳನ್ನೇ ಇಟ್ಕೋತಿದ್ದೆ. ಒಂಬತ್ತನ್ನ ಮೊದಲ ವರ್ಷವೇ ಕಿತ್ತು ಎಸೀತಿದ್ದೆ, ನೋಡೋಕೆ ಪೇಲವ ಅಂತ. ಹದಿನೇಳು ಬಿಡುಗಡೆ ಆಗಿ, ಜನ ಅದನ್ನ ಮೂರು ನೀರಲ್ಲಿ ತೊಳೆದು, ಬಣ್ಣ ಎಲ್ಲಾ ಮೋರಿಗೆ ಚೆಲ್ಲಿ ತಿಂತಿದ್ರು. ನಾನು ಸನ್ಮಾನ ಮಾಡಿಸ್ಕೊಂಡು ಮನೇಲಿ ಕೂತಿರ್ತಿದ್ದೆ. ಒಂಬತ್ತನ್ನ ಉಳಿಸಿದ್ದು ನಾನಲ್ಲ. ನೀವೂ ಬೋರಮ್ಮನೂ." ಅವರ ಧ್ವನಿಯಲ್ಲಿ ಸಮಾಧಾನ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಅದಕ್ಕೇ ಇನ್ನು ಮೂರು ವರ್ಷ ಅದನ್ನ ನೋಡ್ಕೋಬೇಕಾದವರೂ ನೀವಿಬ್ರೇ. ಹೊಸಬರು ಬಂದ್ರೆ ಹೇಳಿ ಕೊಡಿ. ಯಾರೂ ಬರದಿದ್ರೆ ಚೀಲ ಕಟ್ಟೋದು ನಿಮಗೆ ಕಲಿಸಿ ಹೋಗ್ತೀನಿ."

ಮೇ ಕೊನೆಗೆ ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಸಿದ್ಧಾರ್ಥನಗರದ ಅವರ ಮನೆಗೆ ಕಳಿಸಿಕೊಟ್ಟರು. ಹೊಸ ವಿಜ್ಞಾನಿಯನ್ನು ಯಾರೂ ಕಳಿಸಲಿಲ್ಲ. ಜೂನಿನಲ್ಲಿ ಪ್ರೇಮಲೀಲಾ ಸೀರೆ ಎತ್ತಿಕಟ್ಟಿ ತಾಕಿಗಿಳಿದಳು. ಆಗಸ್ಟಿನಲ್ಲಿ ಬಿಸಿಲಲ್ಲಿ ನಿಂತು ಸೂಲಂಗಿಗೆ ಚೀಲ ಕಟ್ಟಿದಳು. ಮೂಗು, ಕಿವಿ, ಕುತ್ತಿಗೆ ಎಲ್ಲ ಪರಾಗ ಮೆತ್ತಿಕೊಂಡು ಮನೆಗೆ ಹೋದರೆ ರುದ್ರಸ್ವಾಮಿ ಗುರುತೇ ಸಿಗಲಿಲ್ಲ ಎಂದು ರೇಗಿಸಿದ.

ಅಕ್ಟೋಬರಿನಲ್ಲಿ ಮೊದಲ ಸ್ಯಾಂಪಲ್ಲು ಲ್ಯಾಬಿಗೆ ಬಂತು. ಅವಳು ಚೀಲವನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಬೋರಮ್ಮನ ಮುಂದೆ ಇಟ್ಟಳು. ಬೋರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಸಮಿತಿಯ ದಿನದಿಂದ ಅವಳು ಲೋಟ, ಸೀಸೆ ಬಿಟ್ಟರೆ ಬೇರೇನನ್ನೂ ಮುಟ್ಟಿರಲಿಲ್ಲ.

"ನನಗ್ಯಾಕಮ್ಮಾವ್ರೇ ಬೇಕು. ಒಂದ್ಸಲ ತೊಳ್ದು ಸಾಹೇಬ್ರ ಕೆಲ್ಸಾನೇ ತೊಳ್ದಾಕ್ಬುಟ್ಟೆ. ನೀವೇ ತೊಳ್ಕಳಿ."

"ನನ್ನ ಕೈ ಬೇರೆ, ನಿನ್ನ ಕೈ ಬೇರೆ ಬೋರಮ್ಮ. ಸಾಹೇಬ್ರು ಗಡಿಯಾರ ಇಟ್ಕೊಂಡು ಬರ್ಕೊಂಡಿರೋದು ನಿನ್ನ ಕೈಯನ್ನ. ಅದು ಬದಲಾದ್ರೆ ಅಂಕಿ ಬದಲಾಗುತ್ತೆ. ನೀನು ತೊಳೀದಿದ್ರೆ ಈ ಜೋಳಕ್ಕೆ ಗತಿಯಿಲ್ಲ ಕಣೇ."

ಬೋರಮ್ಮ ಕಾಳಿನ ಮೇಲೆ ಕಣ್ಣಿಟ್ಟು ನಿಂತಳು. "ಈ ಜೋಳ ಆಚೆ ಬರೋಗಂಟ ಸಾಹೇಬ್ರು ಇರ್ತಾರಾ?"

"ಕೆಲಸದಲ್ಲಿ ಇಲ್ಲ. ಊರಲ್ಲಿ ಇರ್ತಾರೆ. ಅವರ ಹೆಸರೂ ಕಾಗದದ ಮೇಲೆ ಮೊದಲು ಇರಲ್ಲವೋ ಏನೋ. ಆದ್ರೆ ನಾವು ಒಂದು ಹಿಡಿ ಕಾಳು ಅವರ ಮನೆಗೆ ತಗೊಂಡು ಹೋಗಬಹುದು."

"ತೊಳ್ದು ತಗೊಂಡೋಗವಾ, ತೊಳೀದೆ ತಗೊಂಡೋಗವಾ?"

ಪ್ರೇಮಲೀಲಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಒಂಬತ್ತು ತಿಂಗಳಿಂದ ಹಿಡಿದಿಟ್ಟಿದ್ದ ಅಳು ಈಗ ಅವಳ ಮಾತು ಕೇಳಲಿಲ್ಲ. ಕನ್ನಡಕ ತೆಗೆದಿಟ್ಟು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಬೋರಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ಮೇಜಿನ ಮೇಲಿದ್ದ ಪಾಲನ್ನು ಎತ್ತಿಕೊಂಡು ಹಿಂದಿನ ಸಿಂಕಿಗೆ ಹೋಗಿ ನಲ್ಲಿ ತಿರುಗಿಸಿದಳು.